ಏಳನೆಯ ಕೈ

ಶನಿವಾರ, ಊಟವಾದ ಮೇಲೆ
ಗ್ಯಾರೇಜಿನಲ್ಲಿ, ನಿಮ್ಮ ಸೀಟಿನಲ್ಲೇ ಕೂತು

ಒಂದು ಕಾಲದಲ್ಲಿ ನಮ್ಮ ಮನೆಯ ಯಜಮಾನರಾಗಿದ್ದವರಿಗೆ, ನಮಸ್ಕಾರ.

ನೀವು ಕ್ಷೇಮವೆಂದು ಭಾವಿಸಿದ್ದೇನೆ. ನಮ್ಮ ಕ್ಷೇಮ ಕೇಳುವ ಅಭ್ಯಾಸ ನಿಮಗಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ಚೆನ್ನಾಗಿದ್ದೇವೆ. ಈ ಕಾಗದ ಸಿಕ್ಕಿದೆ ಅಂದರೆ ಕಾರು ನಿಮ್ಮ ಕೈ ಸೇರಿದೆ. ನೀವು ಮುಂದಿನ ಖಾನೆ ತೆಗೆದು, ಒರೆಸುವ ಹಳದಿ ಬಟ್ಟೆ ಮೊದಲಿನ ಹಾಗೆ ಮಡಿಸಿದೆಯೋ ಇಲ್ಲವೋ ಅಂತ ನೋಡಿದ್ದೀರಿ. ಮಡಿಸಿದೆ. ಕಾಗದವನ್ನು ಅದರ ಕೆಳಗೇ ಇಡುತ್ತಿದ್ದೇನೆ.

ಸಂಜೆ ನಿಮ್ಮ ಮನುಷ್ಯ ಬಂದು ಕಾರು ತೆಗೆದುಕೊಂಡು ಹೋಗುತ್ತಾನೆ. ಅವನು ನಿಮ್ಮ ಮನುಷ್ಯ ಅಂತ ನನಗೆ ಹೇಗೆ ಗೊತ್ತಾಯಿತು ಅಂತ ಈಗಲೇ ಹುಬ್ಬು ಗಂಟು ಹಾಕಬೇಡಿ. ಹೇಳುತ್ತೇನೆ. ನಿಮ್ಮ ಜೊತೆ ಇಷ್ಟು ವರ್ಷ ಇದ್ದರೂ ನನ್ನ ಒಂದು ಮಾತನ್ನೂ ನೀವು ಪೂರ್ತಿ ಕೇಳಿದವರಲ್ಲ. ಕಾಗದದ ಬಾಯನ್ನು ನಡುವೆ ಮುಚ್ಚಿಸಲಾಗುವುದಿಲ್ಲ ನೋಡಿ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಈ ಕಾರಿನ ಕಥೆಯನ್ನು ನೀವು ಎಷ್ಟು ಜನಕ್ಕೆ ಹೇಳಿದಿರೋ! ಮನೆಗೆ ಯಾರೇ ಬರಲಿ, ಕೂರುವ ಮೊದಲೇ ಅವರನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಮುಸುಕು ಸರಿಸುತ್ತಿದ್ದಿರಿ. ಕಡುಹಸಿರು ಬಣ್ಣ, ಉದ್ದನೆಯ ಮೂತಿ, ಎರಡೇ ಬಾಗಿಲು, ಒಳಗೆ ತಿಳಿಕಂದು ಚರ್ಮದ ಸೀಟು. "ಬರೀ ಕಾರು ಅನ್ಬೇಡಿ, ಕೂಪೆ ಅನ್ನಿ" ಅಂತ ತಿದ್ದುತ್ತಿದ್ದಿರಿ. ನಿಮಗಿಂತ ಮೊದಲು ಅದನ್ನು ಇಟ್ಟುಕೊಂಡಿದ್ದವರು ಒಬ್ಬರೇ, ಹಲ್ಲಿನ ಡಾಕ್ಟರಮ್ಮ. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟರೆ ಬೇರೆ ದಾರಿಯನ್ನೇ ಕಾಣಿಸಿದವರಲ್ಲ. ಆಮೇಲೆ ನೀವು. "ಎರಡೇ ಕೈ ಕಂಡಿದೆ. ಹಳೇ ಗಾಡಿಗೆ ಬೆಲೆ ಬರೋದೇ ಅದರಿಂದ" ಅನ್ನುತ್ತಾ ಎದೆಯುಬ್ಬಿಸಿ ನಿಲ್ಲುತ್ತಿದ್ದಿರಿ.

ಆಮೇಲೆ ಊಟದ ಮೇಜಿನಲ್ಲಿ ಆ ಜೋಕು ಬರುತ್ತಿತ್ತು. ನನ್ನ ಮೊದಲ ಮದುವೆ ವರ್ಷ ತುಂಬುವ ಮೊದಲೇ ಮುರಿದದ್ದನ್ನು ನಾನೇ ನಿಮಗೆ ಹೇಳಿದ್ದೆ, ನಮ್ಮ ಮಾತುಕತೆಯ ಮೊದಲ ದಿನವೇ. "ಅದೆಲ್ಲ ನಂಗೆ ಲೆಕ್ಕಕ್ಕೇ ಇಲ್ಲ" ಅಂದಿದ್ದಿರಿ. ಎಂಥ ದೊಡ್ಡ ಮನಸ್ಸು ಅಂತ ನಾನು ಕರಗಿಹೋಗಿದ್ದೆ. ಲೆಕ್ಕಕ್ಕೇ ಇಲ್ಲದ ಆ ಸಂಗತಿಯನ್ನು ನಿಮ್ಮ ಗೆಳೆಯರ ಮುಂದೆ ಬಡಿಸುತ್ತಿದ್ದಿರಿ: "ಕಾರೂ ಸೆಕೆಂಡ್ ಹ್ಯಾಂಡು, ಹೆಂಡ್ತೀನೂ ಸೆಕೆಂಡ್ ಹ್ಯಾಂಡು. ಕಾರು ಮಾತ್ರ ಇನ್ನೂ ಹೊಸದರ ಹಾಗೇ ಇದೆ!" ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹೋಗಿ ಅಳುತ್ತಿದ್ದೆ ಅಂದುಕೊಳ್ಳಬೇಡಿ. ನಿಮಗೂ ನಿಮ್ಮ ಗೆಳೆಯರಿಗೂ ಬಾಯಿಗೆ ಬಂದ ಹಾಗೆ ಬಯ್ಯುತ್ತಾ ತಟ್ಟೆ ತೊಳೆಯುತ್ತಿದ್ದೆ.

ಒಂದು ಮಾತು ಮಾತ್ರ ನೀವು ಯಾರಿಗೂ ಹೇಳುತ್ತಿರಲಿಲ್ಲ. ಕಾರಿನ ಕಾಗದಪತ್ರದಲ್ಲಿದ್ದ ಎರಡನೆಯ ಹೆಸರು ನಿಮ್ಮದಲ್ಲ, ನನ್ನದು. ಟೆಂಡರುಗಳಿಗೆ ಸಹಿ ಹಾಕುವ ಕುರ್ಚಿಯಲ್ಲಿದ್ದ ನಿಮಗೆ ಇಂಥ ಕಾರು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿಬಿಟ್ಟರೆ ಅನ್ನುವ ಭಯ. "ಸುಮ್ನೆ ಒಂದು ಸಹಿ ಹಾಕು, ಅಷ್ಟೇ" ಅಂದಿರಿ, ಹಾಕಿದೆ. ನನ್ನ ಹೆಸರಿನ ಕಾರಿನಲ್ಲಿ ನಾನು ಕೂರಬೇಕಾದರೆ ಚಪ್ಪಲಿ ಬಿಟ್ಟು ಚೀಲದಲ್ಲಿ ಹಾಕಿ ಕಾಲ ಹತ್ತಿರ ಇಟ್ಟುಕೊಳ್ಳಬೇಕಿತ್ತು. ಬಾಗಿಲನ್ನು ಎಳೆಯುವಂತಿಲ್ಲ, ಅಂಗೈಯಿಂದ ಒತ್ತಬೇಕು. ಹಿಂದಿನ ಸೀಟು ಅನ್ನುವುದು ಒಂದು ಕೈಚೀಲ ಕೂರುವಷ್ಟು. ಅಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ನಮ್ಮ ಮಗಳು.

ನಿಮಗೆ ನೆನಪಿದೆಯೋ ಇಲ್ಲವೋ, ಅವಳು ಆಗಿನ್ನೂ ಅಕ್ಷರ ಕಲಿಯುತ್ತಿದ್ದಳು. ಬೆಟ್ಟದ ದಾರಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ, "ಅಪ್ಪಾ, ನಿಲ್ಸಿ" ಅಂದಳು. ಮುಂದೆ ಚಹಾ ಅಂಗಡಿ ಬರಲಿ ಅಂದಿರಿ. ಅಂಗಡಿ ಬರಲಿಲ್ಲ, ವಾಂತಿ ಬಂತು. ಆ ಮಗು ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅದರೊಳಗೇ ಮಾಡಿಕೊಂಡಿತು. ಒಂದು ಹನಿ ಸೀಟಿಗೆ ಬೀಳಲಿಲ್ಲ. ನೀವು ಕಾರು ನಿಲ್ಲಿಸಿ, ಹಿಂದೆ ತಿರುಗಿ, ಮೊದಲು ಸೀಟು ನೋಡಿದಿರಿ, ಆಮೇಲೆ ಅವಳನ್ನು ನೋಡಿದಿರಿ. "ಜಾಣೆ ನನ್ ಮಗಳು" ಅಂದಿರಿ. ಅವಳು ಆ ಒದ್ದೆ ಫ್ರಾಕಿನಲ್ಲೇ ನಕ್ಕಳು. ನಾನು ಆ ನಗುವನ್ನು ಮರೆತಿಲ್ಲ.

ನೀವು ಹೋದ ಮೇಲೆ ಕಾರನ್ನು ಏನು ಮಾಡುವುದು ಅಂತ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ನೆಮ್ಮದಿ ಬೇಕು ಅಂತ ಹೋದಿರಿ. ಬಟ್ಟೆಬರೆ, ಶೇವಿಂಗ್ ಸೆಟ್ಟು, ಕಾರಿನ ಪಾಲಿಶ್ ಡಬ್ಬಗಳನ್ನು ಸಹ ಒಯ್ದಿರಿ. ಕಾರು ಒಯ್ಯಲಾಗಲಿಲ್ಲ, ನನ್ನ ಹೆಸರಿನಲ್ಲಿತ್ತಲ್ಲ. ವಕೀಲರಿಂದ ಹೇಳಿಸಿದಿರಿ, ನಿಮ್ಮ ಅಕ್ಕನಿಂದ ಹೇಳಿಸಿದಿರಿ. ನೀವೇ ಬಂದು "ಕೊಡು" ಅಂದಿದ್ದರೆ ಬೀಗದ ಕೈ ಬಿಸಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ನಿಮ್ಮ ಬಾಯಲ್ಲಿ ಆ ಒಂದು ಶಬ್ದ ಬರಲಿಲ್ಲ.

ಅಷ್ಟರಲ್ಲಿ ಮಗಳು ಗಂಡನ ಮನೆ ಬಿಟ್ಟು ಬಂದಳು. ಯಾಕೆ ಬಂದಳು ಅಂತ ನೀವು ಇವತ್ತಿನವರೆಗೂ ಕೇಳಿಲ್ಲ, ನಾನೂ ಹೇಳುವುದಿಲ್ಲ. ಕೋಣೆ ಸೇರಿದವಳು ಹೊರಗೆ ಬರುತ್ತಿರಲಿಲ್ಲ. ಪರದೆ ಎಳೆದುಕೊಂಡು, ತಲೆ ಬಾಚದೆ, ಕರೆದರೆ ಬಂದು ಎರಡು ತುತ್ತು ತಿಂದು ಮತ್ತೆ ಒಳಗೆ. ನನಗೆ ಜೀವ ಹೋದ ಹಾಗಾಗಿತ್ತು. ಅಪ್ಪನಾದರೂ ಒಂದು ಒಳ್ಳೆಯ ಮಾತು ಹೇಳಲಿ ಅಂತ, ನಾಚಿಕೆ ಬಿಟ್ಟು ನಿಮಗೆ ಫೋನು ಮಾಡಿದೆ. ನೀವು "ಹೂಂ. ಹಾಗಾದ್ರೆ ಇನ್ನು ಅವಳೂ ಸೆಕೆಂಡ್ ಹ್ಯಾಂಡ್ ಆದ್ಲು. ನಿನ್ನ ಹಾಗೇನೇ. ಬೆಲೆ ಬಿತ್ತು ಬಿಡು" ಅಂದಿರಿ. ಕೋಪದಿಂದ ಅಂದಿದ್ದರೆ ಸಹಿಸಬಹುದಿತ್ತು. ಗ್ಯಾರೇಜಿನಲ್ಲಿ ನಿಂತು ಗಾಡಿಯ ಬೆಲೆ ಹೇಳುವ ದನಿಯಲ್ಲೇ ಹೇಳಿದಿರಿ.

ಅವತ್ತೇ ತೀರ್ಮಾನ ಮಾಡಿದೆ. ಈ ಕಾರಿಗೆ ಎಷ್ಟು ಕೈ ಕಾಣಿಸಲು ಸಾಧ್ಯವೋ ಅಷ್ಟು ಕಾಣಿಸುತ್ತೇನೆ, ಆಮೇಲೆ ಮಾರುತ್ತೇನೆ ಅಂತ.

ಮೊದಲು ನನ್ನ ಕನ್ನಡಕದಂಗಡಿಯ ಪಕ್ಕದ ದರ್ಜಿಯ ಹೆಸರಿಗೆ ಮಾಡಿಸಿದೆ. ನಿಮಗೆ ಅವಳನ್ನು ಕಂಡರಾಗದು, ಜೋರು ಬಾಯಿ ಅಂತ. ಅದೇ ಜೋರು ಬಾಯಲ್ಲಿ ನಗುತ್ತಾ, ಹೋಟೆಲಿನ ಪರದೆಗಳ ಗಂಟನ್ನೆಲ್ಲ ಹಿಂದಿನ ಸೀಟಿಗೆ ತುರುಕಿ, ಊರಿಡೀ ಹಾರನ್ನು ಹೊಡೆದುಕೊಂಡು ಓಡಿಸಿದಳು. ಸೀಟಿನ ಸಂದಿಯಲ್ಲಿ ಗುಂಡುಪಿನ್ನು ಸಿಕ್ಕರೆ ಅವಳದು, ಹುಷಾರಾಗಿ ಕೂರಿ. ಆಮೇಲೆ ಮಹಡಿ ಮೇಲಿನ ನಿವೃತ್ತ ನರ್ಸಮ್ಮ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ದಿನಾ ಬೆಳಿಗ್ಗೆ ಗ್ಯಾರೇಜಿಗೆ ಇಳಿದು ಬಂದು, ಸ್ಟೀರಿಂಗಿನ ಮೇಲೆ ಪೇಪರು ಹರಡಿಕೊಂಡು ಓದುತ್ತಿದ್ದರು. "ಜೀವಮಾನವಿಡೀ ನಿಂತೇ ಕೆಲಸ ಮಾಡಿದೆ ಕಣಮ್ಮಾ, ಇಷ್ಟು ಮೆತ್ತಗಿರೋ ಸೀಟು ನೋಡಿರ್ಲಿಲ್ಲ" ಅಂದರು. ಚಪ್ಪಲಿ ಬಿಡಿ ಅಂತ ನಾನು ಹೇಳಲಿಲ್ಲ.

ಸಾರಿಗೆ ಕಚೇರಿಯ ಗುಮಾಸ್ತನಿಗೆ ತಲೆ ಕೆಟ್ಟಿತು. "ಏನಮ್ಮಾ ಇದು, ಈ ಕಾರು ಯಾರ ಮನೇಲೂ ನಿಲ್ಲಲ್ವಾ? ಏನಾದ್ರೂ ಐಬಿದೆಯಾ?" ಅಂತ ಕೇಳಿದ. ಕಾರಿಗೆ ಏನೂ ಇಲ್ಲ, ಇಟ್ಟುಕೊಂಡಿದ್ದವರಿಗಿತ್ತು ಅಂದೆ. ಅವನ ಕನ್ನಡಕದ ಕಾಲು ಸಡಿಲವಾಗಿ ಪದೇ ಪದೇ ಜಾರುತ್ತಿತ್ತು. ಪರ್ಸಿನಲ್ಲಿದ್ದ ಸಣ್ಣ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿಕೊಟ್ಟೆ. ಆಮೇಲೆ ಅವನು ಪ್ರಶ್ನೆ ಕೇಳಲಿಲ್ಲ.

ಐದನೆಯವಳು ನಿಮ್ಮ ಮಗಳು. ಗೇರು ಮುಟ್ಟಿದರೆ ಸವೆಯುತ್ತೆ ಅಂತ ಗದರುತ್ತಿದ್ದಿರಲ್ಲ, ಅವಳೇ. ತಲೆ ಬಾಚಿಕೊಂಡು, ನನ್ನನ್ನೂ ಕರೆಯದೆ, ಒಬ್ಬಳೇ ಕಾರು ತೆಗೆದುಕೊಂಡು ಗಂಡನ ಮನೆಗೆ ಹೋಗಿ ತನ್ನ ಸಾಮಾನನ್ನೆಲ್ಲ ತುಂಬಿಕೊಂಡು ಬಂದಳು. ಪುಸ್ತಕ, ಮಿಕ್ಸಿ, ಬಟ್ಟೆ, ಜೊತೆಗೆ ಆಗಷ್ಟೇ ನೀರು ಹಾಕಿದ್ದ ಎರಡು ಹೂವಿನ ಕುಂಡ. ಒಂದು ಕುಂಡ ಉರುಳಿ ಕೆಸರೆಲ್ಲ ಸೀಟಿನ ಮೇಲೆ ಹರಿದಿತ್ತು. ಬಾಗಿಲು ತೆಗೆದು ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ನೀವು ಹೋಗಿ ಇಷ್ಟು ದಿನವಾದರೂ ಧಸಕ್ಕೆಂದಿತು ನೋಡಿ, ಅದಕ್ಕೇ ನಿಮ್ಮ ಮೇಲೆ ನನಗೆ ಇಷ್ಟು ಸಿಟ್ಟು. ಅವಳು ಒಂದು ಒದ್ದೆ ಬಟ್ಟೆ ತಂದು ಒರೆಸಿದಳು. ಹೋಯಿತು. ಕಲೆಯೂ ಇಲ್ಲ, ಏನೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ರೀ! ಅವಳು ಆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಆ ಹಿಂದಿನ ಸೀಟನ್ನೇ ನೋಡುತ್ತಾ ನಿಂತಿದ್ದಳು.

ಅದಾದ ಮೇಲೆ ಜಾಹೀರಾತು ಕೊಟ್ಟೆವು. ಮೊದಲು ಬಂದವನು ಹಳೆಯ ಕಾರುಗಳನ್ನು ಕೂಡಿಡುವ ಶ್ರೀಮಂತ. ಸುತ್ತ ತಿರುಗಿ ನೋಡಿ ಬಾಯಿ ಬಿಟ್ಟ. ಕಾಗದಪತ್ರ ನೋಡಿ ಮುಖ ಸಪ್ಪೆ ಮಾಡಿದ. "ಗಾಡಿ ಮುತ್ತಿನಂಗಿದೆ, ಆದ್ರೆ ಕೈ ಜಾಸ್ತಿ ಆಯ್ತಮ್ಮಾ" ಅಂದ. ಎಂಜಿನ್ನು ಚಾಲೂ ಮಾಡಿ ಅಂತಲೂ ಕೇಳದೆ ಹೊರಟುಹೋದ. ನಿಮ್ಮಂಥವರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು.

ಎರಡನೆಯವನು ನಿಮ್ಮವನು. ಹಳೆಯ ಮೇಜು ಕುರ್ಚಿ ವ್ಯಾಪಾರ ಅಂತ ಹೇಳಿಕೊಂಡ. ಒಳಗೆ ಕೂತು ನೋಡಿ ಅಂದೆ. ಮಹಾಶಯ ಶೂ ಬಿಚ್ಚಿದ, ಜೇಬಿನಿಂದ ಚೀಲ ತೆಗೆದು ಅದರೊಳಗೆ ಹಾಕಿದ, ಕಾಲ ಹತ್ತಿರ ಇಟ್ಟುಕೊಂಡ, ಬಾಗಿಲನ್ನು ಅಂಗೈಯಿಂದ ಒತ್ತಿದ. ಜಗತ್ತಿನಲ್ಲಿ ಇದನ್ನು ಹೇಳಿಕೊಡುವವರು ಒಬ್ಬರೇ ಇದ್ದಾರೆ. ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕಾಗದಪತ್ರವನ್ನು ಅವನ ಮುಂದೆಯೇ ತೆರೆದಿಟ್ಟೆ, ನಾನೇನೂ ಬಚ್ಚಿಡಲಿಲ್ಲ. ಅವನು ಕಣ್ಣು ಹಾಯಿಸಲಿಲ್ಲ. "ಗೊತ್ತಮ್ಮಾ, ಎರಡೇ ಕೈ. ಮೊದಲು ಡಾಕ್ಟರಮ್ಮ, ಆಮೇಲೆ ಸಾಹೇಬ್ರು" ಅಂದವನು ನಾಲಿಗೆ ಕಚ್ಚಿಕೊಂಡ. ಈಗ ಮಗಳ ಹೆಸರಿನಲ್ಲಿದೆ, ಸಹಿ ಅವಳೇ ಹಾಕುತ್ತಾಳೆ ಅಂದೆ. "ಮನೇಲೇ ಇದ್ದ ಹಾಗಾಯ್ತು ಬಿಡಿ" ಅಂದ. ನೀವು ಕಥೆಯನ್ನು ಅಷ್ಟು ಚೆನ್ನಾಗಿ ಬಾಯಿಪಾಠ ಮಾಡಿಸಿದ್ದಿರಿ.

ನಿಮಗೇ ಕೊಡುವುದು ಬೇಡ ಅಂತ ಮನಸ್ಸು ಹೇಳಿತು. ಆದರೆ ಬೇರೆ ಯಾರಿಗೆ ಕೊಟ್ಟರೂ ಈ ಹೆಸರುಗಳನ್ನು ಓದಿ ಅವರು ನಿಮ್ಮಷ್ಟು ನಿದ್ದೆಗೆಡುವುದಿಲ್ಲ. ಡಾಕ್ಟರಮ್ಮ, ನಾನು, ದರ್ಜಿ, ನರ್ಸಮ್ಮ, ನಿಮ್ಮ ಮಗಳು, ಈಗ ನಿಮ್ಮ ಮನುಷ್ಯ. ಅವನ ಹೆಸರಿನಿಂದ ನಿಮ್ಮ ಹೆಸರಿಗೆ ಬರೆಸಿಕೊಂಡರೆ ನೀವು ಏಳನೆಯವರು. ಎಂಜಿನ್ನು ಚಾಲೂ ಮಾಡಿ ಕೇಳಿ. ಬಣ್ಣ ನೋಡಿ, ಸೀಟು ಮುಟ್ಟಿ ನೋಡಿ. ಇಷ್ಟು ಕೈ ಕಂಡ ಮೇಲೆ ಇದರಲ್ಲಿ ಏನು ಸವೆದಿದೆ ಅಂತ ಹುಡುಕಿ. ಸಿಕ್ಕರೆ ನನಗೂ ತಿಳಿಸಿ.

ಹೊರಗೆ ಗೇಟಿನ ಸದ್ದಾಯಿತು. ಬಂದ ಅಂತ ಕಾಣುತ್ತದೆ, ನಿಮ್ಮ ಚೀಲದವನು. ಇಲ್ಲಿಗೆ ಮುಗಿಸುತ್ತೇನೆ.

ಇಂತಿ,
ಈ ಕಾರಿನ ಎರಡನೆಯ ಯಜಮಾನಿ

ತಾ.ಕ.: ತೀರ್ಮಾನ ನಾನು ಮಾಡಿದೆ ಅಂತ ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅವತ್ತು ನಿಮಗೆ ಫೋನು ಮಾಡಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಕೈಯೆಲ್ಲ ಸೋಪು, ಅದಕ್ಕೆ ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ಅಪ್ಪನ ದನಿ ಕೇಳಿ ಅವಳು ಕೋಣೆಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ತಟ್ಟೆ ಒರೆಸತೊಡಗಿದ್ದಳು. ನೀವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಒರೆಸುತ್ತಿದ್ದ ತಟ್ಟೆಯನ್ನು ಪೂರ್ತಿ ಒರೆಸಿ ಜಾಗದಲ್ಲಿಟ್ಟು, "ಅಮ್ಮಾ, ಆ ಕಾರು ಈಗ ಎಷ್ಟನೇ ಕೈಲಿದೆ?" ಅಂತ ಕೇಳಿದಳು. ಮಿಕ್ಕ ಉಪಾಯವೆಲ್ಲ ಅವಳದೇ. ನೀವೇ ಹೇಳಿದ್ದಿರಲ್ಲ, ಜಾಣೆ ಅಂತ.