ಬ್ರೇಕ್ ಪೈಪಿನ ನಟ್ಟು

ಅರಕಲಗೂಡು,
೧೦-೩-೨೦೦೩, ಸೋಮವಾರ

ಪ್ರೀತಿಯ ಪಾಲಾಕ್ಷನಿಗೆ,

ಇಲ್ಲಿ ಮನೆಯವರೆಲ್ಲ ಚೆನ್ನಾಗಿದ್ದಾರೆ. ನಾನು ಮಾತ್ರ ಅಷ್ಟಕ್ಕಷ್ಟೆ. ಫೋನು ಮಾಡುವುದು ಬಿಟ್ಟು ಇವನಿಗೆ ಕಾಗದದ ಚಾಳಿ ಯಾಕೆ ಬಂತು ಅಂತ ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಜಾರಿಕೊಳ್ಳುತ್ತೇನೆ. ಕಾಗದದಲ್ಲಿ ಇಬ್ಬರಿಗೂ ಆ ಸೌಕರ್ಯವಿಲ್ಲ.

ಎರಡು ವರ್ಷದಿಂದ ನೀನು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. "ನಿಜ ಹೇಳ್ಲಾ ನಟ್ರಾಜ, ನನ್ ಜರ್ಮನಿ ಸ್ಪ್ಯಾನರ್ ಸೆಟ್ಟು ಕೊಟ್ಟ ಕಾಸಿಗೆ ಬಾಳ್ತದಾ ಇಲ್ವಾ?" ನಾನು ಒಮ್ಮೆಯೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಇವತ್ತು ಕೊಡುತ್ತೇನೆ. ಆದರೆ ಉತ್ತರಕ್ಕೆ ಮುಂಚೆ ಹೊಟ್ಟೆಯೊಳಗಿನ ಉರಿಯನ್ನು ಸ್ವಲ್ಪ ಹೊರಗೆ ಹಾಕಬೇಕು.

ಚನ್ನರಾಯಪಟ್ಟಣದಲ್ಲಿ ನಿನ್ನ ಹೊಸ ಶೆಡ್ಡಿನ ಪೂಜೆಗೆ ಪ್ರೇಮಕುಮಾರಿಯನ್ನೂ ಕರೆದುಕೊಂಡು ಬಂದಿದ್ದೆ. ಅದೇ ನಾನು ಮಾಡಿದ ಮೊದಲ ತಪ್ಪು. ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನ ಸ್ಪ್ಯಾನರುಗಳ ಹತ್ತಿರ ಸುಳಿಯದವಳು, ನಿನ್ನ ಕೆಂಪು ಪೆಟ್ಟಿಗೆಯ ಮುಂದೆ ಕೂತು ಒಂದೊಂದನ್ನೂ ಮುಟ್ಟಿ ನೋಡಿದಳು. "ಬೆಳ್ಳಿ ಸಾಮಾನಿದ್ದಂಗವೆ ಅಲ್ವೇನ್ರಿ" ಅಂದಳು. ನಿನ್ನ ಸಾಮಾನು ಒಂದೊಂದೂ ತನ್ನ ತನ್ನ ಗೂಡಿನಲ್ಲಿ ಮಲಗಿತ್ತು. ನನ್ನವು ಹಳೇ ಆಯಿಲ್ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ನಟ್ಟು ತಿರುಗಿಸುವ ನಿನ್ನ ಒಂದು ರ‍್ಯಾಚೆಟ್ಟಿನ ಬೆಲೆಗೆ ನನ್ನ ಡಬ್ಬಿಗೆ ಡಬ್ಬಿಯೇ ಬಂದು, ಮೇಲೊಂದು ಸ್ಟೀಲ್ ಚೊಂಬೂ ಬರುತ್ತಿತ್ತು.

ನೀನು ಕಾಫಿ ತರಲು ಒಳಗೆ ಹೋದಾಗ ಆ ರ‍್ಯಾಚೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿದ್ದೆ. ಇದು ನಿನಗೆ ಗೊತ್ತಿಲ್ಲ. ರೇಷ್ಮೆ ಸೀರೆ ಮಡಿಸುವಾಗ ಬರುವಂಥ ಸಣ್ಣ ಸದ್ದು. ನನ್ನದನ್ನು ತಿರುಗಿಸಿದರೆ ಒರಳಿನಲ್ಲಿ ಜಲ್ಲಿ ಹಾಕಿ ರುಬ್ಬಿದ ಹಾಗೆ. ನೀನು ಬರುವಷ್ಟರಲ್ಲಿ ಅದನ್ನು ಗೂಡಿಗೆ ಸೇರಿಸಿ, ಪರವಾಗಿಲ್ಲ ಅಂತ ಮುಖ ಮಾಡಿಕೊಂಡು ಕೂತಿದ್ದೆ. ಬಸ್ಸಿನಲ್ಲಿ ಎದೆಯುರಿ ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಒಂದು ವಾರ ಮಾತ್ರೆ ನುಂಗಿದೆ.

ಮಾತ್ರೆಗೆ ಬಗ್ಗದಿದ್ದಾಗ ಪ್ರಾಸದ ಮೊರೆ ಹೋದೆ. ನನ್ನ ಗ್ಯಾರೇಜಿನ ಗೋಡೆಯ ಮೇಲೆ ಬರೆಸಿದ್ದು ನೀನೂ ನೋಡಿದ್ದೀಯ:

ಕೈಯಿ ಸರಿಯಿದ್ರೆ ಕೆಲಸ ಪಕ್ಕಾ,
ಸಾಮಾನಿಗ್ಯಾಕೆ ಸಾವಿರ ರೊಕ್ಕ?

ನಮ್ಮ ಕಡೆ ಯಾರೂ ರೊಕ್ಕ ಅನ್ನುವುದಿಲ್ಲ. ಪ್ರಾಸಕ್ಕೆ ಬೇಕಾಗಿ ಧಾರವಾಡದಿಂದ ತರಿಸಿದ್ದು. ಕನ್ನಡ ಮಾಧ್ಯಮದ ಬಿ.ಎ. ಇಷ್ಟಕ್ಕಾದರೂ ಒದಗಿತು. ನೀನು ಅದನ್ನು ಓದಿ ಬಿದ್ದು ಬಿದ್ದು ನಕ್ಕೆ. ಅದು ನಿನಗೇ ಬರೆದದ್ದು ಅಂತ ಗೊತ್ತಿದ್ದೂ ನಕ್ಕೆ. ಆವತ್ತು ಮತ್ತೆ ಎದೆಯುರಿ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಹದಿನೇಳನೇ ತಾರೀಕು ಗಂಗಯ್ಯ ಮೇಸ್ತ್ರಿ ಫೋನು ಮಾಡಿದ್ದರು. ನಮಗಿಬ್ಬರಿಗೂ ಒಂದೇ ದಿನ ಸ್ಪ್ಯಾನರ್ ಹಿಡಿಯಲು ಕಲಿಸಿದ ಮನುಷ್ಯ, ಹೊಳೆನರಸೀಪುರಕ್ಕೆ ಬಂದು ತಮ್ಮ ಜೀಪಿನ ಬ್ರೇಕು ನೋಡು ಅಂದರು. ಖುಷಿಯಿಂದ ಹೊರಟೇಬಿಡುತ್ತಿದ್ದೆ. ಅಷ್ಟರಲ್ಲಿ ಒಂದು ಮಾತು ಸೇರಿಸಿದರು. "ಪಾಲಾಕ್ಷಂಗೆ ಏಳಿದ್ದೆ, ಅವ್ನಿಗೆ ಈ ವಾರ ಪುರ್ಸೊತ್ತಿಲ್ವಂತೆ. ನೀನೇ ಬಂದ್ಬುಡ್ಲಾ." ಎರಡನೆಯವನಾಗಿ ಹೋದೆ.

ಮುಂದಿನ ಎಡಚಕ್ರದ ಬ್ರೇಕ್ ಪೈಪು ಹಳತಾಗಿತ್ತು, ಬಿಚ್ಚಬೇಕಿತ್ತು. ಆ ನಟ್ಟಿನ ಕಷ್ಟ ನಿನಗೆ ಗೊತ್ತು. ಪೈಪು ನಟ್ಟಿನ ನಡುವೆಯೇ ತೂರಿರುವುದರಿಂದ ರಿಂಗ್ ಸ್ಪ್ಯಾನರ್ ತೊಡಿಸಲು ಬರುವುದಿಲ್ಲ. ಬಾಯಿ ತೆರೆದ ಸ್ಪ್ಯಾನರ್ ಎರಡೇ ಮಗ್ಗುಲು ಹಿಡಿಯುತ್ತದೆ. ನಟ್ಟು ಬೇರೆ ಮೆತ್ತಗೆ. ಅದಕ್ಕೆಂದೇ ನಿನ್ನ ಪೆಟ್ಟಿಗೆಯಲ್ಲಿ ಒಂದು ಸ್ಪ್ಯಾನರಿದೆ, ಉಂಗುರವನ್ನು ಒಂದು ಕಡೆ ಸೀಳಿದ ಹಾಗೆ. ಪೈಪಿನ ಮೇಲಿಂದ ತೂರಿಸಿದರೆ ನಟ್ಟನ್ನು ಸುತ್ತ ಅಪ್ಪಿಕೊಳ್ಳುತ್ತದೆ. "ಇದು ವರ್ಸಕ್ಕೊಂದ್ಸಲ ಬೇಕಾಯ್ತದೆ. ಬೇಕಾದಾಗ ಮಾತ್ರ ಇದೇ ಬೇಕು ಕಣ್ಲಾ" ಅಂತ ನೀನು ತೋರಿಸಿದ್ದೆ. "ಅಂಗಾದ್ರೆ ಇದ್ನ ಉತ್ಸವಮೂರ್ತಿ ಅನ್ನು" ಅಂತ ನಾನು ಆಡಿಕೊಂಡಿದ್ದೆ.

ನನ್ನ ಸ್ಪ್ಯಾನರಿನ ಬಾಯಿ ಮೊದಲೇ ಅಗಲವಾಗಿತ್ತು. ಕೊಟ್ಟು ತಿರುಗಿಸಿದೆ, ಜಾರಿ ಒಂದು ಮೂಲೆ ಹೋಯಿತು. ಇನ್ನೊಮ್ಮೆ ತಿರುಗಿಸಿದೆ, ಇನ್ನೊಂದು ಮೂಲೆ. ಹತ್ತು ನಿಮಿಷದಲ್ಲಿ ಆರು ಮೂಲೆಯ ನಟ್ಟು ಕಡಲೆಕಾಳಿನ ಹಾಗೆ ಗುಂಡಗಾಯಿತು. ಆಮೇಲೆ ಪ್ಲೈಯರಿನಲ್ಲಿ ಕಚ್ಚಿ ಹಿಡಿದು ತಿರುಚಿದೆ. ಅರ್ಧ ಸುತ್ತು ಸಡಿಲವಾಗಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಂದಿಯಲ್ಲಿ ಒಂದು ಹನಿ ಬ್ರೇಕ್ ಆಯಿಲು ಕೂಡಿತು. ಒರೆಸಿದೆ. ಇನ್ನೊಂದು ಹನಿ ಕೂಡಿತು.

ಜಗಲಿಯ ಮೇಲಿಂದ ಮೇಸ್ತ್ರಿ "ಆಯ್ತೇನ್ಲಾ?" ಅಂದರು. ಕಣ್ಣಿಗೆ ಪೊರೆ ಬಂದಿತ್ತಲ್ಲ, ಆ ಹನಿ ಅವರಿಗೆ ಕಾಣುತ್ತಿರಲಿಲ್ಲ. "ಆಯ್ತು ಮೇಸ್ತ್ರಿ" ಅಂದೆ.

ಎದುರಿನ ಅಂಗಡಿಯಲ್ಲಿ ಒಂದು ರೂಪಾಯಿ ಫೋನಿತ್ತು. ವಿಷಯ ತಿಳಿಸಿದ್ದರೆ ನೀನು ಕೈಲಿದ್ದ ಕೆಲಸ ಬಿಟ್ಟು ಆ ಸ್ಪ್ಯಾನರಿನ ಸಮೇತ ಮಧ್ಯಾಹ್ನದೊಳಗೆ ಬರುತ್ತಿದ್ದೆ. ಆದರೆ ಆ ಕೆಂಪು ಪೆಟ್ಟಿಗೆ ಮೇಸ್ತ್ರಿಯ ಕಣ್ಣೆದುರು, ನನ್ನ ಡಬ್ಬಿಯ ಪಕ್ಕದಲ್ಲಿ ತೆರೆದುಕೊಳ್ಳುತ್ತಿತ್ತು. ಅದನ್ನು ನಿಂತು ನೋಡುವುದು ನನ್ನಿಂದಾಗುತ್ತಿರಲಿಲ್ಲ. ನಾಳೆ ಹಾಸನದಿಂದ ಹೊಸ ಪೈಪು, ನಟ್ಟು ತಂದು ಸರಿಮಾಡಿದರಾಯಿತು ಅಂದುಕೊಂಡೆ. ಎರಡು ದಿನ ಜೀಪು ತೆಗೆಯಬೇಡಿ ಅಂತ ಹೇಳಬಹುದಿತ್ತು. ಯಾಕೆ ಅಂತ ಕೇಳುತ್ತಾರಲ್ಲ ಅಂತ ಅದನ್ನೂ ಹೇಳಲಿಲ್ಲ. ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮನವರು ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ. ಮಾರನೆಯ ದಿನ ಶುಂಠಿ ಬೆಳೆಯುವವರ ಟಿಲ್ಲರು ರಿಪೇರಿಗೆ ಬಂತು, ಹಾಸನಕ್ಕೆ ಹೋಗಲಿಲ್ಲ. ಅದರ ಮಾರನೆಯ ದಿನ ಇನ್ನೊಂದು ಬಂತು.

ಮೂರನೇ ದಿನ ಮೇಸ್ತ್ರಿ ಹಾಸನಕ್ಕೆ ಹೊರಟರು. ಕಣ್ಣು ಕಾಣುವುದಿಲ್ಲ ಅಂತ ಡಾಕ್ಟರಿಗೆ ತೋರಿಸಲು, ತಾವೇ ಜೀಪು ಓಡಿಸಿಕೊಂಡು, ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು. ಮುಂದಿನದನ್ನು ನನಗೆ ಚಿಕ್ಕಲಕ್ಷ್ಮಮ್ಮನವರು ನಗುನಗುತ್ತಲೇ ಹೇಳಿದರು. "ಇಳಿಜಾರ್ನಲ್ಲಿ ಪೆಡ್ಲು ಬುಡಕ್ಕೇ ಓಗ್ಬುಡ್ತು ಕಣಪ್ಪ. ನಿಮ್ ಮೇಸ್ತ್ರಿ ಗೇರಿಳ್ಸಿ, ಆಂಡ್ ಬ್ರೇಕು ಎಳ್ದು, ಯಾರ್ದೋ ಉಲ್ಲಿನ ಬಣವೆಗೆ ತಂದು ನುಗ್ಸುದ್ರು. ಮನೆಗ್ ಬಂದು ತಲೆ ಬಾಚ್ಕಂಡ್ರೆ ಬರೀ ಉಲ್ಲು." ಬಣವೆಯ ಮುಂದೆ ಎರಡು ಮಾರು ದೂರದಲ್ಲಿ ಕಾಲುವೆ ಇತ್ತಂತೆ. ಅದನ್ನೂ ನಗುತ್ತಲೇ ಹೇಳಿದರು.

ಆವತ್ತು ಜೀಪು ಎಳೆಸಿಕೊಂಡು ಹೋಗಿ ಪೈಪು ಬದಲಾಯಿಸಿದವನು ನೀನು. ಆ ನಟ್ರಾಜನೇ ಇದ್ನ ಕೆಡಿಸಿರ್ಬೇಕು ಅಂತ ಮೇಸ್ತ್ರಿ ಗದರಿದಾಗ ನೀನು ಏನಂದೆ ಅಂತಲೂ ಅವರೇ ಹೇಳಿದರು. "ತುಕ್ಕು ಮೇಸ್ತ್ರಿ. ಅಳೇ ನಟ್ಟು, ತಾನಾಗೇ ಸವ್ದೋಗದೆ." ಪಾಲಾಕ್ಷ, ಆ ನಟ್ಟಿನ ಸುತ್ತ ನನ್ನ ಪ್ಲೈಯರು ಕಚ್ಚಿದ ಗುರುತಿತ್ತು. ತುಕ್ಕಿಗೆ ಹಲ್ಲಿರುವುದಿಲ್ಲ ಅಂತ ನಿನಗೂ ಗೊತ್ತಿತ್ತು.

ಅಲ್ಲಿಂದ ಇಲ್ಲಿಗೆ ಹದಿನೆಂಟು ದಿನ. ನೀನು ನನಗೊಂದು ಮಾತು ಕೇಳಿಲ್ಲ. ಎರಡು ಸಲ ಫೋನು ಮಾಡಿ ಟಿಲ್ಲರಿನ ಬೆಲ್ಟಿನ ಬಗ್ಗೆ ಮಾತಾಡಿದೆ. ಸಾಮಾನು ನನಗಿಂತ ಚೆನ್ನಾಗಿರುವುದನ್ನು ಹೇಗೋ ತಡೆದುಕೊಂಡಿದ್ದೆ. ಈಗ ಮನಸ್ಸೂ ನನಗಿಂತ ಚೆನ್ನಾಗಿದೆ ಅಂದರೆ ನಾನು ಎಲ್ಲಿಗೆ ಹೋಗಲಿ? ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ದುಬಾರಿ ಅಂತ ಗೋಡೆಯ ಮೇಲೆ ಬರೆಸುವುದಕ್ಕೂ ಬರುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಿನ್ನೆ ಮೇಸ್ತ್ರಿ ಕರೆಸಿದ್ದರು. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ನನ್ ಕೈಲಿ ಇನ್ನಾಗಕಿಲ್ಲ ಕಣ್ಲಾ. ಪಾಲಾಕ್ಷಂಗೆ ಸಾಮಾನವೆ, ಎಲ್ಲಾದ್ರೂ ಬದುಕ್ಕತಾನೆ. ನಿಂಗೆ ಸಾಮಾನಿಲ್ಲ, ಕೈ ಐತೆ. ನನ್ ಶೆಡ್ಡು ನೀನ್ ತಗೋ. ಬರೋ ಭಾನ್ವಾರ ಬಾ, ಬೀಗದಕೈ ಕೊಡ್ತೀನಿ" ಅಂದರು.

ಬಸ್ ಸ್ಟ್ಯಾಂಡಿನ ಪಕ್ಕದ ಶೆಡ್ಡು, ನಾಲ್ಕು ಗಾಡಿ ನಿಲ್ಲುವ ಜಾಗ. ನನ್ನ ಇಲ್ಲಿನ ಗ್ಯಾರೇಜಿನಲ್ಲಿ ಒಂದು ಟಿಲ್ಲರು ಒಳಗೆ ಬಂದರೆ ನಾನು ಹೊರಗೆ ನಿಲ್ಲಬೇಕು. ಅದಕ್ಕಿಂತ ಹೆಚ್ಚಾಗಿ, ನಿನಗಿಂತ ನನ್ನ ಕೈ ಮೇಲು ಅಂತ ಆ ಬಾಯಿಂದ ಕೇಳಬೇಕೆಂದು ಇಪ್ಪತ್ತೆರಡು ವರ್ಷದಿಂದ ಕಾದಿದ್ದೆ. ಕೇಳಿಸಿಕೊಂಡೆ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ಪಟ್ಟಿ ಯಾವತ್ತು ಬಿಚ್ತಾರೆ ಮೇಸ್ತ್ರಿ" ಅಂತಲೇ ಬಂತು.

ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತು. ನೀನಂತೂ ಬಾಯಿಬಿಡುವವನಲ್ಲ. ಶೆಡ್ಡು ನನ್ನದಾಗುತ್ತದೆ. ಆದರೆ ನೀನು ಅಲ್ಲಿಗೆ ಬಂದಾಗಲೆಲ್ಲ ನಗುತ್ತಾ ಕಾಫಿ ಕುಡಿದು ಹೋಗುತ್ತೀಯ. ನಿನ್ನ ದಯೆಯಿಂದ ಸಿಕ್ಕಿದ ಜಾಗದಲ್ಲಿ ಕೂತು ಅದನ್ನು ನೋಡಬೇಕಲ್ಲ, ಅದಕ್ಕಿಂತ ಈ ಗೂಡೇ ವಾಸಿ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಎಲ್ಲವೂ ಆ ಬೆಲೆಗೆ ಬಾಳುವುದಿಲ್ಲ ಅಂತ ಈಗಲೂ ಹೇಳುತ್ತೇನೆ. ಸುತ್ತಿಗೆ ಸುತ್ತಿಗೆಯೇ. ನಿನ್ನ ಜರ್ಮನಿ ಸುತ್ತಿಗೆ ಬೆರಳಿನ ಮೇಲೆ ಬಿದ್ದರೂ ಕನ್ನಡದಲ್ಲೇ ಕೂಗಬೇಕು. ಸ್ಕ್ರೂಡ್ರೈವರು ಹಾಸನದ್ದೇ ಸಾಕು. ಆದರೆ ನಟ್ಟನ್ನು ಹಿಡಿಯುವ ಸಾಮಾನು, ಅದರಲ್ಲೂ ಆ ಸೀಳು ಉಂಗುರ, ಕೊಟ್ಟ ಪ್ರತಿ ಕಾಸಿಗೂ ಬಾಳುತ್ತದೆ. ಅದು ನಟ್ಟು ಬಿಚ್ಚಿದ ಮೇಲೆ ನಟ್ಟು ನಟ್ಟಾಗಿಯೇ ಉಳಿಯುತ್ತದೆ. ನನ್ನ ಸ್ಪ್ಯಾನರು ಅಗ್ಗ ಅಂತ ಹೇಳಿಕೊಂಡು ತಿರುಗಿದೆ. ಅದರ ಬಾಕಿ ಬೆಲೆಯನ್ನು ಇಬ್ಬರು ವಯಸ್ಸಾದವರು ಕಾಲುವೆಯ ಪಕ್ಕ ತೆರಬೇಕಾಗಿತ್ತು. "ಆಯ್ತು ಮೇಸ್ತ್ರಿ" ಅಂದದ್ದು ಮಾತ್ರ ಸ್ಪ್ಯಾನರಲ್ಲ, ನಾನು.

ನಿನ್ನಿಂದ ಒಂದು ಉಪಕಾರವಾಗಬೇಕು. ಭಾನುವಾರಕ್ಕೆ ಮುಂಚೆ ಹೊಳೆನರಸೀಪುರಕ್ಕೆ ಹೋಗಿ ಈ ಕಾಗದವನ್ನು ಮೇಸ್ತ್ರಿಗೆ ಓದಿ ಹೇಳು. ತುಕ್ಕು ಅಂತ ಹೇಳಿದವನ ಬಾಯಿಂದಲೇ ನಿಜ ಹೋಗಲಿ. ಆಮೇಲೆ ಬೀಗದಕೈ ಯಾರಿಗೆ ಕೊಡುವುದು ಅವರಿಗೆ ಬಿಟ್ಟದ್ದು. ನಿನಗೇ ಕೊಟ್ಟರೆ ಹೊಟ್ಟೆ ಉರಿಯುತ್ತದೆ. ಅದು ಅಭ್ಯಾಸವಾಗಿದೆ, ನೀನು ತಲೆ ಕೆಡಿಸಿಕೊಳ್ಳಬೇಡ. ಯಾರಿಗೆ ಕೊಟ್ಟರೂ ಭಾನುವಾರ ಬೆಳಗಿನ ಬಸ್ಸಿಗೆ ನಾನು ಬಂದೇ ಬರುತ್ತೇನೆ, ಬೈಸಿಕೊಳ್ಳುವುದಕ್ಕಾದರೂ.

ಉರಿದುಕೊಂಡೂ ನಿನ್ನವನೇ ಆದ,
ನಟರಾಜ

ಮರೆತಿದ್ದು: ಓದುವಾಗ ನಿನ್ನ ಮನಸ್ಸು ಚೆನ್ನಾಗಿದೆ ಅಂತ ಬರೆದಿದ್ದೇನಲ್ಲ, ಆ ನಾಲ್ಕು ಸಾಲು ಬಿಟ್ಟು ಓದು. ನಿನ್ನನ್ನು ನಾನೇ ಹೊಗಳಿದ್ದು ಮೇಸ್ತ್ರಿಯ ಕಿವಿಗೆ ಬೀಳುವುದು ಬೇಡ. ನಾನು ಹೇಳದಿದ್ದರೂ ನೀನು ಅದನ್ನು ಬಿಟ್ಟೇ ಓದುತ್ತಿದ್ದೆ ಅಂತ ಬರೆಯುವಾಗಲೇ ಹೊಳೆಯಿತು. ನಿನ್ನ ಈ ಗುಣವೇ ಕಣೋ ನನಗೆ ಆಗದಿರುವುದು.