ಪರದೆ ಮ್ಯಾಲ ಯಾರೂ ಕೆಮ್ಮಂಗಿಲ್ಲ

ಯಪ್ಪಾ,

ಹೌದು, ಹೋಗಿದ್ದೆ. ಈಗೇನಂತಿ? "ಆ ಪಿಚ್ಚರ್ ಮತ್ತ ನೋಡಬ್ಯಾಡ" ಅಂತ ಸಾಯೂ ಮುಂದ ಕೈ ಹಿಡ್ದು ಹೇಳಿದ್ದಿ, ಖರೇ. ನಾ ಹೂಂ ಅಂದಿದ್ದೆ, ಅದೂ ಖರೇ. ಅದಕ್ಕ ಮಾತು ಮುರದಾಂವ ಅಂತ ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಮದಲ ನೀ ಜವಾಬು ಕೊಡು. ಯಾಕ ಬ್ಯಾಡ ಅಂದಿ? ಆರನೇ ಕ್ಲಾಸಿಗಿ ಸಾಲಿ ಬಿಟ್ಟ ಮಗ, ಇವಂಗೇನ್ ತಿಳೀತದ ಅಂತೇನು?

ನಮ್ಮ ವಾಡಿ ಊರಿಗಿ ಡೇರೆ ಟಾಕೀಜ್ ಬಂದದ್ದು ನೆಪ್ಪದ ಇಲ್ಲೋ? ದಿನಾ ಖಣ್ಯಾಗ ಕಲ್ಲು ಕೊಯ್ದು, ಸಂಜಿಗಿ ಮಾರಿ ತೊಳ್ಕೊಂಡು, ಬಡಿಗಿ ಹಿಡ್ದು ನೀ ಪರದೆ ಬಾಜೂಕ ನಿಂದ್ರತಿದ್ದಿ. ಪಿಚ್ಚರ್ ಇಂಗ್ಲಿಷ್‌ದು. ಮಂದಿಗಿ ಒಂದಕ್ಷರ ತಿಳೀತಿದ್ದಿಲ್ಲ, ನಿನಗೂ ಇಲ್ಲ. ಆದ್ರೂ ಒದರಿ ಒದರಿ ಕಥಿ ಹೇಳ್ತಿದ್ದಿ. "ನೋಡ್ರೆಪಾ, ಮ್ಯಾಲಿಂದ ಬೂದಿ ಬಣ್ಣದ ಧೂಳ ಬೀಳ್ಲಿಕತ್ತದ! ಚುಕ್ಕಿಯಿಂದ ಬಂದ ಭೂತ ಇದು! ಮೂಗಿನಾಗ ಹೊಕ್ಕು ಒಳಗ ಕುಂದರ್ತದ, ಮನಷ್ಯಾನ ಕಲ್ಲು ಮಾಡ್ತದ!" ಹೆಣ್ಮಕ್ಕಳು ಮೂಗಿಗಿ ಸೆರಗು ಹಿಡೀತಿದ್ರು. ಖಣಿ ಮಂದಿ ನಗತಿದ್ರು. "ಧೂಳಿಗಿ ಅಂಜಿದ್ರ ನಾವು ಹೊಟ್ಟಿಗೇನ್ ತಿನ್ನಬೇಕೋ ಮಾಮಾ?"

ಪರದೆ ಮ್ಯಾಲಿನ ಡಾಕ್ಟರ್‌ನ ಮೂಗಿನಾಗ ಧೂಳ ಹೊಕ್ಕಾಗ ನೀ ಕೆಮ್ಮತಿದ್ದಿ. ಬಗ್ಗಿ, ಎದಿ ಹಿಡ್ದು, ಕಣ್ಣಾಗ ನೀರು ಬರೂತನ. ಡೇರೆ ತುಂಬ ಸೀಟಿ. "ಇನ್ನೊಮ್ಮೆ ಕೆಮ್ಮೋ ಮಾಮಾ!" ನೀ ಕೈ ಎತ್ತಿ ಸಲಾಮ್ ಹೊಡೀತಿದ್ದಿ. ನಮ್ಮಪ್ಪನಂಥಾ ಆಟ ಮಾಡೋರು ಯಾರೂ ಇಲ್ಲ ಅಂತ ನನಗ ಎಷ್ಟು...

ಕಡೀಕ ಮಳಿ. "ಮಳಿ ಬಂತು, ಧೂಳ ತೊಳೀತು, ಕಲ್ಲಾದವ್ರೆಲ್ಲಾ ಎದ್ದು ಕುಂತ್ರು! ನಡೀರಿ ಮನಿಗಿ!" ಅಂತ ನೀ ಒದರಿದ ಕೂಡ್ಲೇ ದೀಪ ಹತ್ತತಿತ್ತು. ಮಂದಿ ನಕ್ಕೋತ ಮನಿಗಿ ಹೋಗ್ತಿದ್ರು.

ಡೇರೆ ಮಾಲಕ ಈಗ ಶಹಾಬಾದದಾಗ ವಿಡಿಯೋ ಹಾಲ್ ಹಾಕ್ಯಾನ. ಮೊನ್ನಿ ಐತಾರ ಅದೇ ಪಿಚ್ಚರ್. ಹೋಗಿ ಕುಂತೆ. ಧೂಳ ಬಿತ್ತು. ಡಾಕ್ಟರ್‌ನ ಮೂಗಿನಾಗ ಹೊಕ್ತು. ಇನ್ನ ಕೆಮ್ಮತಾನ, ಇನ್ನ ಕೆಮ್ಮತಾನ ಅಂತ ನಾ ಕಾಯ್ಲಿಕತ್ತೀನಿ. ಆಂವ ಕೆಮ್ಮಲೇ ಇಲ್ಲ ಯಪ್ಪಾ. ಆಗ ಡೇರೆದಾಗ ನಾ ಪರದೆ ಬಿಟ್ಟು ನಿನ್ನೇ ನೋಡ್ತಿದ್ದೆ. ಆ ಪಿಚ್ಚರ್‌ದಾಗ ಯಾರೂ ಕೆಮ್ಮಂಗಿಲ್ಲ. ಸುಮ್ಮ ನಿಂತಲ್ಲೇ ಕಲ್ಲಾಗ್ತಾರ. ಕೆಮ್ಮು ಭೂತದ್ದಲ್ಲ, ಆಟಾನೂ ಅಲ್ಲ. ನಿಂದು, ಖಣಿ ಧೂಳ ಕೊಟ್ಟದ್ದು.

ಮಳೀನೂ ಬಂತು. ಯಾರೂ ಏಳ್ಲಿಲ್ಲ. ಕಲ್ಲಿನ ಮಾರಿ ಮ್ಯಾಲ ನೀರು ಇಳೀತು, ಅಷ್ಟೇ, ಮುಗೀತು.

"ಹಿಂಗ್ಯಾಕ?" ಅಂತ ಮಾಲಕಂಗ ಕೇಳ್ದೆ. ನಕ್ಕ. "ಮಳಿ ಬಂದ ಕೂಡ್ಲೇ ಮಶೀನ್ ಬಂದ್ ಮಾಡ್ರಿ, ಮುಂದಿಂದು ತೋರಸಬ್ಯಾಡ್ರಿ ಅಂತ ನಿಮ್ಮಪ್ಪನೇ ದಿನಾ ನನಗ ಕೈ ಮುಗೀತಿದ್ದ."

ಅಂದ್ರ ನಿನಗ ಗೊತ್ತಿತ್ತು! ಯಾರೂ ಏಳಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಹಿಡ್ದು ಅದೇ ಖಣಿಗಿ ಕರ್ಕೊಂಡು ಹೋದಿ. "ಮತ್ತೆಲ್ಲಿಗಿ ಕರ್ಕೊಂಡು ಹೋಗ್ಬೇಕಿತ್ತೋ?" ಅಂತಿ. ಹೇಳು, ಅದನ್ನೇ ಹೇಳು. ನೀ ಅನ್ನೂದೂ ಖರೇ. ಅದಕ್ಕೇ ಇಷ್ಟು ಸಿಟ್ಟು.

ಮಾಲಕ ನನ್ನ ಹೆಗಲ ಮ್ಯಾಲ ಕೈ ಹಾಕ್ದ. "ನಿಮ್ಮಪ್ಪನ ಜಾಗಾ ಖಾಲಿ ಅದ ಲೇ. ಮುಂದಿನ ಆಟಕ್ಕ ನೀ ನಿಂತು ಕಥಿ ಹೇಳು. ಆಂವನ್ಹಂಗ ಒಂದೀಟು ಕೆಮ್ಮು ಸಾಕು, ಹಾಲ್ ತುಂಬ್ತದ." ಮುಂದಿನ ಆಟದ ಮಂದಿ ಆಗಲೇ ಬಂದು ಕುಂತಿದ್ರು. ಎಲ್ಲಾರೂ ನನ್ನ ಮಾರಿ ನೋಡ್ಲಿಕತ್ರು.

ಅವನವ್ವನ, ಬೈಬೇಕಂತ ಬಾಯಿ ತೆರದೆ. ಬೈಗಳ ಬರ್ಲಿಲ್ಲ. ಕೆಮ್ಮು ಬಂತು. ಬಗ್ಗಿದೆ, ಎದಿ ಹಿಡ್ಕೊಂಡೆ, ನಿಂದ್ರವಲ್ದು. "ಭಲೇ! ಅಪ್ಪನ ಮಗ!" ಅಂದ ಮಾಲಕ. ಸೀಟಿ ಮ್ಯಾಲ ಸೀಟಿ. ಹಿಂದಿಂದ ಒಬ್ಬಾಂವ ಒದರ್ದ, "ಇನ್ನೊಮ್ಮೆ!"

ನಾ ಆಟ ಮಾಡ್ಲಿಕತ್ತಿದ್ದಿಲ್ಲ. ನಿನಗೊಬ್ಬಂಗೇ ತಿಳೀತದ, ಅದಕ್ಕ ನಿನಗ ಬರೀಲಿಕತ್ತೀನಿ. ಅವ್ವಗ ಇನ್ನಾ ಹೇಳಿಲ್ಲ. ನಾಳಿ ಮತ್ತ ಖಣಿಗಿ ಹೋಗೂದದ.

ಆದ್ರ ನಿನ್ಹಂಗ ಸಲಾಮ್ ಮಾತ್ರ ಹೊಡೀಲಿಲ್ಲ ಯಪ್ಪಾ. ಆ ಸೀಟಿ ನಡುವೇ ಕೆಮ್ಮಿಕೋತ ಮಂದಿನ್ನ ದಾಟಿ ಹೋದೆ, ತಗಡಿನ ಬಾಗಲಾ ಕಿತ್ತು ಬೀಳೂಹಂಗ ಬಡದು ಹೊರಗ ಬಂದೆ.