ಲಾಭ ಆದಮೇಲೆ ಎರಡು

ಸಂಖ, ಮಂಗಳವಾರ, ೧೨ ಆಗಸ್ಟ್ ೨೦೨೫

ಪ್ರಾಜಕ್ತಾಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ತಂಗಿಯ ಮಗಳು, ಕಾಲೇಜು ಸೇರಿದ್ದಾಳೆ. "ದೊಡ್ಡವ್ವ, ಸಿ ಲ್ಯಾಂಗ್ವೇಜ್ ಕಲಿಯಾಕ ಯಾವ ಬುಕ್ ಚಲೋ? ಕಂಪೈಲರ್ ಯಾವುದು ತಗೋಲಿ?" ಕಂಪೈಲರ್ ಯಾವುದಾದರೂ ನಡೆಯುತ್ತದೆ, ಫೋನಿನಲ್ಲೇ ಸಿಗುತ್ತದೆ ಎಂದೆ. ಪುಸ್ತಕದ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ನಾನು ಕಲಿತದ್ದು ಜತ್ತಿನ ಕಂಪ್ಯೂಟರ್ ಕ್ಲಾಸಿನಲ್ಲಿ, ನೀಲಿ ಪರದೆಯ ಹಳೆಯ ಕಂಪೈಲರ್ ಮೇಲೆ. ಒಂದೇ ಕುರ್ಚಿಯಲ್ಲಿ ನಾನು, ಗೆಳತಿ ಗುರವ್ವ. ಪುಸ್ತಕ ಇಂಗ್ಲಿಷಿನದು, ಸರ್ ಹೇಳುತ್ತಿದ್ದುದು ಮರಾಠಿಯಲ್ಲಿ, ನನಗೆ ತಿಳಿಯುತ್ತಿದ್ದುದು ಗುರವ್ವ ಕನ್ನಡದಲ್ಲಿ ಹೇಳಿದ ಮೇಲೆ. ಒಂದು ದಿನ ಹೆಸರುಗಳ ಪಟ್ಟಿ ತೋರಿಸುವ ಪ್ರೋಗ್ರಾಂ ಬರೆದೆವು; ಪಟ್ಟಿಯಲ್ಲಿ ಅವಳ ಹೆಸರು ಮೊದಲು, ನನ್ನದು ಎರಡನೆಯದು. ನಾನು ಒಂದರಿಂದ ಎಣಿಸಿದೆ, ಪರದೆಯ ಮೇಲೆ ಅವಳ ಹೆಸರೇ ಬರಲಿಲ್ಲ.

"ನಿಮ್ಮವ್ವ ಜ್ವಾಳಾ ಅಳಿಯೂಮುಂದ ಮೊದಲ್ನೇ ಸೇರಿಗಿ ಒಂದು ಅಂತಾಳೇನ? ಲಾಭ ಅಂತಾಳ. ಇಲ್ಲಿ ಎಣಿಕಿ ಸೊನ್ನಿಯಿಂದ, ಸೊನ್ನಿ ಅಂದ್ರ ಆ ಲಾಭ," ಎಂದಳು ಗುರವ್ವ.

ತಿಳಿಯಿತು ಅಂದುಕೊಂಡೆ. ಅವ್ವ ಅಳೆಯುವ ಹಾಗೆಯೇ ಲಾಭಕ್ಕೆ ಸೊನ್ನೆ, ಲಾಭ ಆದಮೇಲೆ ಒಂದನ್ನು ಬಿಟ್ಟು ನೇರ ಎರಡು ಎಂದು ಬರೆದೆ. ಈ ಸಲ ನನ್ನ ಹೆಸರೇ ಮಾಯ! ಗುರವ್ವ ಎಷ್ಟು ನಕ್ಕಳೆಂದರೆ ಸರ್ ಇಬ್ಬರನ್ನೂ ಹೊರಗೆ ಕಳಿಸಿದರು.

ಇವತ್ತು ಪ್ರಾಜಕ್ತಾಳ ಪಟ್ಟಿಯಲ್ಲೂ ಮೊದಲ ಹೆಸರು ಬಂದಿರಲಿಲ್ಲ. "ಲಾಭ ಎಲ್ಲಿ ಹೋತು?" ಎಂದೆ. "ಯಾವ ಲಾಭ, ದೊಡ್ಡವ್ವ?" ಎಂದಳು. ಸೇರಿನಲ್ಲಿ ಅಳೆಯುವುದನ್ನು ಅವಳು ಕಂಡೇ ಇಲ್ಲ; ಮನೆಗೆ ಜೋಳ ಈಗ ತೂಕವಾಗಿ ಚೀಲದಲ್ಲಿ ಬರುತ್ತದೆ.

ನಾನು ಓದಿದ ಪುಸ್ತಕ ಗುರವ್ವ. ಅದನ್ನು ಎಲ್ಲಿಂದ ತರಿಸಿಕೊಡಲಿ? ಅವಳು ತೀರಿಕೊಂಡು ವರ್ಷಗಳಾದವು.

ಊಟವಾದ ಮೇಲೆ ನನ್ನ ಫೋನಿನಲ್ಲೇ ಆ ಪಟ್ಟಿ ಬರೆದೆ. ಸೊನ್ನೆಯಲ್ಲಿ ಅವಳು, ಒಂದರಲ್ಲಿ ನಾನು. ಎರಡೂ ಹೆಸರು ಸರಿಯಾಗಿ ಬಂದವು. ತಪ್ಪಾಗಿದ್ದರೂ ನಗುವವರು ಯಾರು?